ಭೂಪ್ರದಕ್ಷಿಣೆಗೊಂದು ಟಿಕೆಟ್



ಬೆಂಗಳೂರಿನಿಂದ ಪಶ್ಚಿಮಕ್ಕೆ ವಿಮಾನ ಹತ್ತುತ್ತೀರಿ. ಲಂಡನ್ ನೋಡುತ್ತೀರಿ. ಅಟ್ಲಾಂಟಿಕ್ ದಾಟಿ ನ್ಯೂಯಾರ್ಕ್ ನೋಡುತ್ತೀರಿ. ಪೆಸಿಫಿಕ್ ದಾಟಿ ಟೋಕಿಯೊ ನೋಡುತ್ತೀರಿ. ಆಮೇಲೆ ಪೂರ್ವದ ಕಡೆಯಿಂದ ಬಂದು ಮತ್ತೆ ಬೆಂಗಳೂರಿನಲ್ಲೇ ಇಳಿಯುತ್ತೀರಿ. ಎಲ್ಲೂ ಹಿಂದಕ್ಕೆ ತಿರುಗಲಿಲ್ಲ, ಆದರೂ ಮನೆ ತಲುಪಿದಿರಿ. ಇಷ್ಟಕ್ಕೂ ಒಂದೇ ಟಿಕೆಟ್. ವಿಮಾನ ಕಂಪನಿಯವರು ಇದನ್ನು ‘ರೌಂಡ್ ದ ವರ್ಲ್ಡ್’ ಟಿಕೆಟ್ ಎನ್ನುತ್ತಾರೆ. ಈ ಹೊತ್ತಿನ ಮಾತಿನಲ್ಲಿ ನಾನು ಅದನ್ನು ಭೂಪ್ರದಕ್ಷಿಣೆಯ ಟಿಕೆಟ್ ಎಂದು ಕರೆಯುತ್ತೇನೆ.

ಈ ಟಿಕೆಟ್ಟಿನ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ಇದು ಭಾರೀ ಲಾಭ ಎನ್ನುವವರು ಒಂದು ಕಡೆ. ಇದು ಸಿರಿವಂತರ ಶೋಕಿ ಎನ್ನುವವರು ಇನ್ನೊಂದು ಕಡೆ. ನಾನು ಎರಡನ್ನೂ ಒಪ್ಪುವುದಿಲ್ಲ. ಒಂದೇ ಟಿಕೆಟ್ ಒಬ್ಬರಿಗೆ ಅಗ್ಗವಾಗುತ್ತದೆ, ಇನ್ನೊಬ್ಬರಿಗೆ ದುಬಾರಿಯಾಗುತ್ತದೆ. ನಿಯಮಗಳನ್ನು ಓದಿ ದಾರಿ ಹಾಕಿಕೊಂಡವರು ಗೆಲ್ಲುತ್ತಾರೆ. ದಾರಿ ಹಾಕಿಕೊಂಡ ಮೇಲೆ ನಿಯಮ ಓದಿದವರು ದಂಡ ಕಟ್ಟುತ್ತಾರೆ. ಆ ನಿಯಮಗಳೇನು, ಅವು ಯಾಕೆ ಹಾಗಿವೆ, ದರದ ಮೇಲೆ ಏನೇನು ಬಂದು ಕೂರುತ್ತದೆ, ಇವತ್ತು ಇದನ್ನಷ್ಟೇ ಹೇಳುತ್ತೇನೆ.

ನಮಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಮಗಳು ಲಂಡನ್ನಿನಲ್ಲಿ, ಮಗ ನ್ಯೂಜೆರ್ಸಿಯಲ್ಲಿ, ತಮ್ಮನ ಮಗ ಸಿಡ್ನಿಯಲ್ಲಿ. ಇಂಥ ಮನೆಗಳು ಈಗ ಬೆಂಗಳೂರಿನಲ್ಲಿ ಮಾತ್ರವಲ್ಲ, ಮೈಸೂರು, ಹುಬ್ಬಳ್ಳಿ, ಉಡುಪಿಗಳಲ್ಲೂ ಇವೆ. ನಿವೃತ್ತರಾದ ಅಪ್ಪ ಅಮ್ಮ ಒಂದೊಂದು ವರ್ಷ ಒಂದೊಂದು ಮನೆಗೆ ಹೋಗಿಬರುತ್ತಾರೆ. ಪ್ರತಿ ಸಲವೂ ಹೋಗುವುದಕ್ಕೊಂದು, ಬರುವುದಕ್ಕೊಂದು ಎಂದು ಎರಡು ದೂರದ ಪ್ರಯಾಣ. ಎಲ್ಲರ ಮನೆಯನ್ನೂ ಒಂದೇ ಸುತ್ತಿನಲ್ಲಿ ಮುಗಿಸಿದರೆ ಹೇಗೆ? ಈ ಪ್ರಶ್ನೆ ಬಂದ ಮನೆಗೆ ಈ ಟಿಕೆಟ್ ದೂರದ್ದೇನಲ್ಲ.

ಮೊದಲು ಸ್ವಲ್ಪ ಹಿನ್ನೆಲೆ. ದುಡ್ಡು ಕೊಟ್ಟವರನ್ನು ಗುಂಪು ಕಟ್ಟಿಕೊಂಡು ಭೂಮಿ ಸುತ್ತಿಸಿದ ಕೀರ್ತಿ ಇಂಗ್ಲೆಂಡಿನ ಥಾಮಸ್ ಕುಕ್ ಅವರದು. 1872ರಲ್ಲಿ ಲಿವರ್‌ಪೂಲ್ ಬಂದರಿನಿಂದ ಹೊರಟರು. ಹಡಗು, ರೈಲುಗಳಲ್ಲಿ ಅಮೆರಿಕ, ಜಪಾನ್, ಚೀನಾ ಮುಗಿಸಿ ನಮ್ಮ ದೇಶವನ್ನೂ ಹಾದುಹೋದರು. ಆ ಪ್ರವಾಸಕ್ಕೆ 222 ದಿನ ಹಿಡಿಯಿತು.

ವಿಮಾನದ ಕಾಲ ಬಂದಮೇಲೆ ಈ ಕೆಲಸಕ್ಕೆ ಕೈಹಾಕಿದ್ದು ಅಮೆರಿಕದ ಪ್ಯಾನ್ ಆಮ್ ಕಂಪನಿ. 1947ರ ಜೂನ್ ತಿಂಗಳು. ನಮಗೆ ಸ್ವಾತಂತ್ರ್ಯ ಬರಲು ಇನ್ನೂ ಎರಡು ತಿಂಗಳಿತ್ತು. ನ್ಯೂಯಾರ್ಕಿನಿಂದ ಹೊರಟ ಅದರ ವಿಮಾನ ಲಂಡನ್, ಇಸ್ತಾಂಬುಲ್, ಕರಾಚಿ, ಕಲ್ಕತ್ತ, ಬ್ಯಾಂಕಾಕ್ ಎಂದು ಇಳಿಯುತ್ತಾ ಏರುತ್ತಾ ಭೂಮಿಯನ್ನು ಸುತ್ತಿತು. ಆಮೇಲೆ ದಶಕಗಳ ಕಾಲ ಪ್ಯಾನ್ ಆಮ್‌ನ ಒಂದನೇ ನಂಬರಿನ ವಿಮಾನ ಪಶ್ಚಿಮಕ್ಕೆ, ಎರಡನೇ ನಂಬರಿನ ವಿಮಾನ ಪೂರ್ವಕ್ಕೆ ಸುತ್ತು ಹೊಡೆದವು.

ಇಲ್ಲೊಂದು ತಮಾಷೆಯಿದೆ. ಜಗತ್ತನ್ನೇ ಸುತ್ತುತ್ತಿದ್ದ ಈ ಕಂಪನಿಗೆ ತನ್ನ ದೇಶದ ಒಳಗೇ ಪ್ರಯಾಣಿಕರನ್ನು ಸಾಗಿಸುವ ಹಕ್ಕಿರಲಿಲ್ಲ. ಅಮೆರಿಕದ ಒಂದು ಕರಾವಳಿಯಿಂದ ಹೊರಟ ವಿಮಾನ ಇನ್ನೊಂದು ಕರಾವಳಿಗೆ ಬಂದು ನಿಲ್ಲುತ್ತಿತ್ತು. ನಡುವಿನ ಅಮೆರಿಕವನ್ನು ಬೇರೆ ಕಂಪನಿಯ ವಿಮಾನದಲ್ಲಿ ದಾಟಬೇಕಿತ್ತು. ಸುತ್ತು ಪೂರ್ತಿಯಾಗುತ್ತಿದ್ದುದು ಇನ್ನೊಬ್ಬರ ನೆರವಿನಿಂದ. ಪ್ಯಾನ್ ಆಮ್ ಈ ಸೇವೆಯನ್ನು 1982ರಲ್ಲಿ ನಿಲ್ಲಿಸಿತು. 1991ರಲ್ಲಿ ಕಂಪನಿಯೇ ಮುಚ್ಚಿತು.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಯಾವ ದೇಶದ ವಿಮಾನ ಎಲ್ಲಿ ಇಳಿಯಬಹುದು, ಎಲ್ಲಿಂದ ಎಲ್ಲಿಗೆ ಜನರನ್ನು ಒಯ್ಯಬಹುದು ಎಂಬುದನ್ನು ಸರ್ಕಾರಗಳು ಒಪ್ಪಂದ ಮಾಡಿಕೊಂಡು ತೀರ್ಮಾನಿಸುತ್ತವೆ. ಹಾಗಾಗಿ ಒಂದೇ ಕಂಪನಿ ನಿಮ್ಮನ್ನು ಬೇಕಾದ ಊರುಗಳಿಗೆಲ್ಲ ಸುತ್ತಿಸುವುದು ಕಷ್ಟ. ಕಂಪನಿಗಳು ಕೂಟ ಕಟ್ಟಿಕೊಂಡವು. 1997ರಲ್ಲಿ ಸ್ಟಾರ್ ಅಲಯನ್ಸ್ ಹುಟ್ಟಿತು. 1999ರಲ್ಲಿ ಒನ್‌ವರ್ಲ್ಡ್ ಬಂತು. 2000ದಲ್ಲಿ ಸ್ಕೈಟೀಮ್ ಬಂತು. ನಮ್ಮ ಏರ್ ಇಂಡಿಯಾ 2014ರಲ್ಲಿ ಸ್ಟಾರ್ ಅಲಯನ್ಸ್ ಸೇರಿತು. ಬೆಂಗಳೂರಿಗೆ ಬರುವ ಲುಫ್ತಾನ್ಸಾ, ಸಿಂಗಪುರ್ ಏರ್‌ಲೈನ್ಸ್ ಅದೇ ಕೂಟದವು. ಬ್ರಿಟಿಷ್ ಏರ್‌ವೇಸ್, ಜಪಾನ್ ಏರ್‌ಲೈನ್ಸ್, ಕ್ವಾಂಟಾಸ್ ಒನ್‌ವರ್ಲ್ಡ್ ಕೂಟದವು. ಭೂಪ್ರದಕ್ಷಿಣೆಯ ಟಿಕೆಟ್ ಎಂದರೆ ಇಂಥ ಒಂದು ಕೂಟದ ಕಂಪನಿಗಳೆಲ್ಲ ಸೇರಿ ಮಾನ್ಯ ಮಾಡುವ ಟಿಕೆಟ್. ಯಾವ ಕೂಟ ಎಂದು ಮೊದಲೇ ನಿರ್ಧರಿಸಬೇಕು. ಅದರ ಹೊರಗಿನ ಕಂಪನಿ ಎಷ್ಟೇ ಅನುಕೂಲವಾಗಿದ್ದರೂ ಈ ಟಿಕೆಟ್ಟಿಗೆ ಅದು ಹೊರಗಿನದೇ.

ಟಿಕೆಟ್ ಏನೆಂಬುದಾಯಿತು, ಅದನ್ನು ಕೊಡುವವರು ಯಾರೆಂಬುದಾಯಿತು. ಇನ್ನು ದಾರಿಯ ನಿಯಮ.

ಇದನ್ನು ದೇವಸ್ಥಾನದ ಪ್ರದಕ್ಷಿಣೆಗೆ ಹೋಲಿಸಬಹುದು. ಪ್ರಾಕಾರದಲ್ಲಿ ಹೊರಟಿದ್ದೀರಿ. ನಡುವೆ ಸಣ್ಣ ಗುಡಿಗಳ ಮುಂದೆ ನಿಲ್ಲುತ್ತೀರಿ. ಅತ್ತಿತ್ತ ನಾಲ್ಕು ಹೆಜ್ಜೆ ಇಡುತ್ತೀರಿ. ಆದರೆ ಅರ್ಧ ಸುತ್ತು ಬಂದು ತಿರುಗಿ ನಡೆಯುವುದಿಲ್ಲ. ಈ ಟಿಕೆಟ್ಟೂ ಹಾಗೆಯೇ. ಹೊರಟ ದಿಕ್ಕಿನಲ್ಲೇ ಸಾಗಬೇಕು. ಅಟ್ಲಾಂಟಿಕ್ ಸಾಗರವನ್ನು ಒಂದು ಸಲ ದಾಟಬೇಕು. ಪೆಸಿಫಿಕ್ ಸಾಗರವನ್ನೂ ಒಂದೇ ಸಲ. ಹೊರಟ ದೇಶದಲ್ಲೇ ಪ್ರಯಾಣ ಮುಗಿಯಬೇಕು.

ದಿಕ್ಕನ್ನು ಅಳೆಯುವುದು ಹೇಗೆ? ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಐಯಾಟಾ ಜಗತ್ತನ್ನು ಮೂರು ವಲಯ ಮಾಡಿದೆ. ಅಮೆರಿಕದ ಎರಡೂ ಖಂಡಗಳು ಒಂದನೇ ವಲಯ. ಯುರೋಪ್, ಆಫ್ರಿಕಾ, ಮಧ್ಯಪ್ರಾಚ್ಯ ಎರಡನೇ ವಲಯ. ಭಾರತವೂ ಸೇರಿ ಉಳಿದ ಏಷ್ಯಾ, ಆಸ್ಟ್ರೇಲಿಯಾ, ಪೆಸಿಫಿಕ್ ದ್ವೀಪಗಳು ಮೂರನೇ ವಲಯ. ಒಂದು ವಲಯದಿಂದ ಮುಂದಿನ ವಲಯಕ್ಕೆ ಕಾಲಿಟ್ಟ ಮೇಲೆ ಹಿಂದಿನದಕ್ಕೆ ಮರಳುವ ಹಾಗಿಲ್ಲ. ಒಂದು ಖಂಡದ ಒಳಗೆ ಸ್ವಲ್ಪ ಹಿಂದೆ ಮುಂದೆ ಓಡಾಡಬಹುದು. ಲಂಡನ್ನಿನಿಂದ ರೋಮಿಗೆ ಹೋಗಿ, ಅಲ್ಲಿಂದ ಮ್ಯಾಡ್ರಿಡ್‌ಗೆ ಬರುವುದಕ್ಕೆ ತಕರಾರಿಲ್ಲ. ನ್ಯೂಯಾರ್ಕ್ ತಲುಪಿದ ಮೇಲೆ ಮೊಮ್ಮಗಳ ಹುಟ್ಟುಹಬ್ಬ ನೆನಪಾಗಿ ಲಂಡನ್ನಿಗೆ ಮರಳುತ್ತೇನೆಂದರೆ ಈ ಟಿಕೆಟ್ಟಿನಲ್ಲಿ ಆಗುವುದಿಲ್ಲ. ಬೇರೆ ಟಿಕೆಟ್ ಕೊಂಡು ಹೋಗಿಬರಬೇಕು.

ಟಿಕೆಟ್ಟಿನ ಭೂಗೋಳ ಶಾಲೆಯ ಭೂಗೋಳವಲ್ಲ. ಒನ್‌ವರ್ಲ್ಡ್ ಕೂಟದ ಖಂಡವಾರು ಟಿಕೆಟ್ಟಿನಲ್ಲಿ ಈಜಿಪ್ಟ್, ಮೊರಾಕ್ಕೊ ದೇಶಗಳು ಆಫ್ರಿಕಾಕ್ಕೆ ಸೇರಿಲ್ಲ. ಯುರೋಪ್ ಮತ್ತು ಮಧ್ಯಪ್ರಾಚ್ಯದ ಜೊತೆಗಿವೆ. ಪೆಸಿಫಿಕ್ ನಡುವಿನ ಹವಾಯಿ ಉತ್ತರ ಅಮೆರಿಕಕ್ಕೆ ಸೇರಿದೆ. ಮೇಷ್ಟ್ರು ಕೇಳಿದರೆ ಕಿವಿ ಹಿಂಡುವ ಉತ್ತರ ಇದು. ಆದರೆ ಇದರಲ್ಲಿ ದುಡ್ಡಿನ ವಿಷಯವಿದೆ. ಪಿರಮಿಡ್ ನೋಡಬೇಕೆಂದರೆ ಆಫ್ರಿಕಾ ಖಂಡದ ಹೆಚ್ಚುವರಿ ದರ ಕೊಡಬೇಕಾಗಿಲ್ಲ. ಯುರೋಪಿನ ಲೆಕ್ಕದಲ್ಲೇ ನೋಡಿ ಬರಬಹುದು.

ಒಂದು ದಿಕ್ಕು, ಎರಡು ಸಾಗರ, ಮೂರು ವಲಯ. ದಾರಿಯ ನಿಯಮ ಇಷ್ಟು. ಈಗ ದರ ಕಟ್ಟುವ ಬಗೆ.

ದರ ಕಟ್ಟುವುದಕ್ಕೆ ಎರಡು ಪದ್ಧತಿಗಳಿವೆ. ಒಂದು ಮೈಲಿ ಲೆಕ್ಕ. ಇನ್ನೊಂದು ಖಂಡದ ಲೆಕ್ಕ.

ಮೈಲಿ ಲೆಕ್ಕದಲ್ಲಿ ಮೆಟ್ಟಿಲುಗಳಿರುತ್ತವೆ. 26 ಸಾವಿರ, 29 ಸಾವಿರ, 34 ಸಾವಿರ, 39 ಸಾವಿರ ಮೈಲಿ. ಭೂಮಧ್ಯರೇಖೆಯ ಮೇಲೆ ಭೂಮಿಯ ಸುತ್ತಳತೆ ಸುಮಾರು 25 ಸಾವಿರ ಮೈಲಿ ಎಂಬುದನ್ನು ನೆನಪಿಡಿ. ಅಂದರೆ ಮೊದಲ ಮೆಟ್ಟಿಲು ಒಂದು ಸುತ್ತಿಗೆ ಸರಿಹೋಗುವಷ್ಟು. ಮೇಲಿನ ಮೆಟ್ಟಿಲುಗಳು ದಕ್ಷಿಣಕ್ಕೆ ಉತ್ತರಕ್ಕೆ ವಾಲಾಡುವವರಿಗೆ.

ಒಂದು ಲೆಕ್ಕ ಹಾಕೋಣ. ಬೆಂಗಳೂರಿನಿಂದ ಲಂಡನ್, ಅಲ್ಲಿಂದ ಮ್ಯಾಡ್ರಿಡ್, ನ್ಯೂಯಾರ್ಕ್, ಲಾಸ್ ಏಂಜಲೀಸ್, ಟೋಕಿಯೊ, ಮತ್ತೆ ಬೆಂಗಳೂರು. ಆರು ಹಾರಾಟ. ಒಟ್ಟು ಸುಮಾರು 21 ಸಾವಿರ ಮೈಲಿ. ಭೂಮಿಯ ಸುತ್ತಳತೆಗಿಂತ ಕಡಿಮೆ! ಯಾಕೆಂದರೆ ನಾವು ಸುತ್ತಿದ್ದು ಉತ್ತರ ಗೋಳಾರ್ಧದಲ್ಲಿ. ಅಲ್ಲಿ ಸುತ್ತು ಚಿಕ್ಕದು. ಟೋಕಿಯೊ ಬಿಟ್ಟು ಸಿಡ್ನಿ ಸೇರಿಸಿ. ಲಾಸ್ ಏಂಜಲೀಸ್‌ನಿಂದ ಸಿಡ್ನಿ, ಸಿಡ್ನಿಯಿಂದ ಬೆಂಗಳೂರು. ಈಗ ಮೊತ್ತ 25 ಸಾವಿರ ಮೈಲಿಗೆ ಏರುತ್ತದೆ. ಆದರೂ 26 ಸಾವಿರದ ಮೆಟ್ಟಿಲೊಳಗೇ ಇದೆ. ಇದರ ಮೇಲೆ ಇನ್ನೊಂದು ದೂರದ ಊರು ಸೇರಿಸಿದಿರೋ, ಮೆಟ್ಟಿಲು ದಾಟಿತು. ದರ ಒಂದೇ ನೆಗೆತಕ್ಕೆ ಮೇಲಕ್ಕೆ ಹೋಯಿತು. ಹತ್ತು ಮೈಲಿ ಹೆಚ್ಚಾದರೂ ಮುಂದಿನ ಮೆಟ್ಟಿಲಿನ ಪೂರ್ತಿ ದರ.

ಮೈಲಿ ಲೆಕ್ಕದಲ್ಲಿ ಇನ್ನೊಂದು ಗುಟ್ಟಿದೆ. ಲಂಡನ್ನಿಗೆ ವಿಮಾನದಲ್ಲಿ ಇಳಿದಿರಿ. ಪ್ಯಾರಿಸಿಗೆ ರೈಲಿನಲ್ಲಿ ಹೋದಿರಿ. ಅಲ್ಲಿಂದ ಮತ್ತೆ ವಿಮಾನ. ರೈಲಿನ ಟಿಕೆಟ್ ದುಡ್ಡು ನಿಮ್ಮದೇ. ಆದರೂ ಲಂಡನ್–ಪ್ಯಾರಿಸ್ ನಡುವಿನ ಮೈಲಿಗಳನ್ನು ನಿಮ್ಮ ಲೆಕ್ಕದಿಂದ ಕಳೆಯುವ ನಿಯಮವುಂಟು. ನೆಲದ ಮೇಲೆ ಹೋದ ದೂರಕ್ಕೂ ಗಾಳಿಯಲ್ಲಿ ಹೋದಂತೆ ಲೆಕ್ಕ! ಇದು ನ್ಯಾಯವೇ ಎಂದು ಕೇಳಬೇಡಿ. ನಿಯಮ.

ಖಂಡದ ಲೆಕ್ಕದಲ್ಲಿ ಮೈಲಿಯ ತಲೆನೋವಿಲ್ಲ. ಎಷ್ಟು ಖಂಡ ಮುಟ್ಟುತ್ತೀರಿ ಎಂಬುದರ ಮೇಲೆ ದರ. ಮೂರಕ್ಕೊಂದು, ನಾಲ್ಕಕ್ಕೊಂದು, ಹೀಗೆ ಆರರವರೆಗೆ. ನಾವು ಹಾಕಿದ ಮೊದಲ ದಾರಿ ಮೂರು ಖಂಡದ್ದು: ಏಷ್ಯಾ, ಯುರೋಪ್, ಉತ್ತರ ಅಮೆರಿಕ. ಸಿಡ್ನಿ ಸೇರಿಸಿದರೆ ನಾಲ್ಕು. ಒಂದು ಖಂಡದೊಳಗೆ ಸಾಮಾನ್ಯವಾಗಿ ನಾಲ್ಕು ಹಾರಾಟ, ಉತ್ತರ ಅಮೆರಿಕದಲ್ಲಿ ಆರು. ಮೂಲೆ ಮೂಲೆ ನೋಡುವವರಿಗೆ ಖಂಡದ ಲೆಕ್ಕ ವಾಸಿ. ನೇರ ಸುತ್ತು ಹಾಕುವವರಿಗೆ ಮೈಲಿಯ ಲೆಕ್ಕ ವಾಸಿ.

ಇನ್ನೊಂದು ಮಾತು. ಒಂದೇ ದಾರಿಗೆ ಒಂದೇ ದರ ಎಂದುಕೊಳ್ಳಬೇಡಿ. ಪ್ರಯಾಣ ಯಾವ ದೇಶದಲ್ಲಿ ಶುರುವಾಗುತ್ತದೆಯೋ ಆ ದೇಶದ ದರ. ಲಂಡನ್ನಿನಿಂದ ಹೊರಟವರಿಗೆ ಒಂದು ಬೆಲೆ, ಬೆಂಗಳೂರಿನಿಂದ ಹೊರಟವರಿಗೆ ಇನ್ನೊಂದು. ಪಳಗಿದ ಪ್ರಯಾಣಿಕರು ಅಗ್ಗದ ದೇಶ ಹುಡುಕಿಕೊಂಡು ಅಲ್ಲಿಂದ ಶುರು ಮಾಡುತ್ತಾರೆ. ಪಕ್ಕದ ಕೊಲಂಬೊದಲ್ಲಿ ದರ ಕಡಿಮೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಕೊಲಂಬೊಗೆ ಹೋಗುವ ಖರ್ಚು, ಮುಗಿದ ಮೇಲೆ ಅಲ್ಲಿಂದ ಬರುವ ಖರ್ಚು ನಿಮ್ಮದು. ಕೊಲಂಬೊಗೆ ಹೋಗುವ ವಿಮಾನ ತಡವಾಗಿ ಮೊದಲ ಹಾರಾಟ ತಪ್ಪಿದರೆ ಹೊಣೆಯೂ ನಿಮ್ಮದೇ. ವಯಸ್ಸಾದವರಿಗೆ ನಾನು ಈ ಸಾಹಸ ಹೇಳುವುದಿಲ್ಲ.

ದಿಕ್ಕು ಗೊತ್ತಾಯಿತು, ದರ ಕಟ್ಟುವ ಬಗೆ ಗೊತ್ತಾಯಿತು. ಇನ್ನು ಎಣಿಕೆಯ ನಿಯಮಗಳು. ಇವು ಮೂರು ಸಂಖ್ಯೆಗಳು: ಇಪ್ಪತ್ತನಾಲ್ಕು, ಹದಿನಾರು, ಮತ್ತು ಒಂದು ವರ್ಷ.

ಇಪ್ಪತ್ತನಾಲ್ಕು ಎಂದರೆ ಗಂಟೆ. ಒಂದು ಊರಿನಲ್ಲಿ 24 ಗಂಟೆಗಿಂತ ಹೆಚ್ಚು ನಿಂತರೆ ಅದು ಸ್ಟಾಪ್‌ಓವರ್, ತಂಗುವುದು. ಅದರೊಳಗೆ ಮುಂದಿನ ವಿಮಾನ ಹತ್ತಿದರೆ ಅದು ಟ್ರಾನ್ಸಿಟ್, ಹಾದುಹೋಗುವುದು. ಇಷ್ಟೇ ತಂಗುದಾಣ ಎಂದು ಟಿಕೆಟ್ಟಿನಲ್ಲಿ ಮಿತಿ ಇರುತ್ತದೆ. ಆದರೆ 20 ಗಂಟೆ ನಿಂತು ಸಿಂಗಪುರ ಸುತ್ತಿ ಬಂದರೆ ಅದು ತಂಗುದಾಣವಾಗುವುದಿಲ್ಲ. ಬೆಳಗ್ಗೆ ಇಳಿದು, ಊರು ನೋಡಿ, ರಾತ್ರಿ ಹೊರಡುವುದನ್ನು ಈ ಟಿಕೆಟ್ಟಿನವರು ಚೆನ್ನಾಗಿ ಬಳಸಿಕೊಳ್ಳುತ್ತಾರೆ. ಈ 24 ಗಂಟೆ ತೆರಿಗೆಯ ವಿಷಯದಲ್ಲೂ ಬರುತ್ತದೆ. ಆಗ ಹೇಳುತ್ತೇನೆ.

ಹದಿನಾರು ಎಂದರೆ ಹಾರಾಟಗಳ ಮಿತಿ. ಎಲ್ಲಿಂದ ಬಂತು ಈ ಹದಿನಾರು? ಹಳೆಯ ಕಾಗದದ ಟಿಕೆಟ್ ನೆನಪಿರುವವರಿಗೆ ಇದು ಬೇಗ ಹೊಳೆಯುತ್ತದೆ. ತೆಳ್ಳನೆಯ ಪುಟ್ಟ ಪುಸ್ತಕ. ಒಳಗೆ ಕೆಂಪು ಕಾರ್ಬನ್ನಿನ ಹಾಳೆಗಳು. ಒಂದು ಪುಸ್ತಕದಲ್ಲಿ ನಾಲ್ಕು ಹಾರಾಟದ ಕೂಪನ್. ಒಂದೊಂದು ವಿಮಾನ ಹತ್ತುವಾಗ ಒಂದೊಂದನ್ನು ಹರಿದುಕೊಳ್ಳುತ್ತಿದ್ದರು. ನಾಲ್ಕಕ್ಕಿಂತ ಹೆಚ್ಚು ಬೇಕೆಂದರೆ ಮುಂದಿನ ನಂಬರಿನ ಪುಸ್ತಕ ಜೋಡಿಸುತ್ತಿದ್ದರು. ಹಾಗೆ ಜೋಡಿಸಲು ಸಾಧ್ಯವಿದ್ದುದು ನಾಲ್ಕು ಪುಸ್ತಕ. ನಾಲ್ಕು ನಾಲ್ಕಲ ಹದಿನಾರು. 2008ರ ಜೂನ್‌ನಲ್ಲಿ ಐಯಾಟಾ ಕಾಗದದ ಟಿಕೆಟ್ಟಿಗೆ ವಿದಾಯ ಹೇಳಿತು. ಕಾಗದ ಹೋಯಿತು, ಕಾರ್ಬನ್ ಹೋಯಿತು. ನಾಲ್ಕರ ಲೆಕ್ಕ ಮಾತ್ರ ಕಂಪ್ಯೂಟರಿನೊಳಗೂ ಬಂದು ಕೂತಿತು. ಇವತ್ತೂ ಹದಿನಾರು ಹಾರಾಟದ ಇ-ಟಿಕೆಟ್ ಎಂದರೆ ಒಂದರ ಹಿಂದೆ ಒಂದು ಬರುವ ನಾಲ್ಕು ಟಿಕೆಟ್ ನಂಬರುಗಳು. ನಾಲ್ಕನ್ನೂ ಬರೆದಿಟ್ಟುಕೊಳ್ಳಿ. ಒಂದನ್ನೇ ಇಟ್ಟುಕೊಂಡರೆ ಕೌಂಟರಿನಲ್ಲಿ ಪೇಚಾಟ.

ನೇರ ವಿಮಾನವಿಲ್ಲದ ಊರಿಗೆ ನಡುವೆ ಒಂದು ಸಲ ವಿಮಾನ ಬದಲಿಸಿ ಹೋದರೆ ಎರಡು ಕೂಪನ್ ಖರ್ಚು. ಖಂಡದ ಲೆಕ್ಕದ ಟಿಕೆಟ್ಟಿನಲ್ಲಿ ರೈಲಿನಲ್ಲೋ ಕಾರಿನಲ್ಲೋ ದಾಟಿದ ನೆಲದ ತುಂಡೂ ಹದಿನಾರರಲ್ಲಿ ಒಂದು. ಹದಿನಾರು ಬಹಳ ಎನಿಸುತ್ತದೆ. ಪಟ್ಟಿ ಬರೆಯಲು ಕೂತರೆ ಬೇಗ ಮುಗಿಯುತ್ತದೆ.

ಮೂರನೆಯದು ಒಂದು ವರ್ಷ. ಸಾಮಾನ್ಯವಾಗಿ ಕನಿಷ್ಠ 10 ದಿನ, ಗರಿಷ್ಠ ಒಂದು ವರ್ಷ ಈ ಟಿಕೆಟ್ ಜೀವಂತ. ಮೊದಲ ಹಾರಾಟದ ದಿನದಿಂದ ಎಣಿಕೆ. ಇಲ್ಲಿ ಒಂದು ತೊಡಕಿದೆ. ವಿಮಾನ ಕಂಪನಿಗಳು ಸುಮಾರು ಹನ್ನೊಂದು ತಿಂಗಳ ಮುಂಚೆ ಮಾತ್ರ ಸೀಟು ಬಿಡುತ್ತವೆ. ನೀವು ಹೊರಡುವ ಎರಡು ತಿಂಗಳು ಮೊದಲು ಟಿಕೆಟ್ ಕೊಂಡರೆ ಪ್ರಯಾಣದ ಕೊನೆಯ ತಿಂಗಳುಗಳ ವಿಮಾನ ಇನ್ನೂ ಪಟ್ಟಿಗೇ ಬಂದಿರುವುದಿಲ್ಲ. ಹಾಗಾದರೆ ಏನು ಮಾಡುವುದು? ಸದ್ಯಕ್ಕೆ ಇರುವ ಒಂದು ದಿನಾಂಕ ಹಾಕಿಸಿಕೊಳ್ಳುವುದು, ಆಮೇಲೆ ಮುಂದೂಡುವುದು. ಹಾಗಾಗಿಯೇ ದಿನಾಂಕ ಬದಲಾವಣೆಯ ನಿಯಮ ಈ ಟಿಕೆಟ್ಟಿನ ಜೀವಾಳ.

ದಿನಾಂಕ ಬದಲಿಸುವುದು ಬೇರೆ, ದಾರಿ ಬದಲಿಸುವುದು ಬೇರೆ. ಅದೇ ಊರು, ಅದೇ ಕಂಪನಿ, ಹದಿನೈದು ದಿನ ತಡವಾಗಿ ಹೊರಡುತ್ತೀರಿ. ಇದಕ್ಕೆ ಈ ಬಗೆಯ ಟಿಕೆಟ್ಟುಗಳಲ್ಲಿ ಬಹುಮಟ್ಟಿಗೆ ದಂಡವಿಲ್ಲ. ಮಾಮೂಲಿ ಅಗ್ಗದ ಟಿಕೆಟ್ಟುಗಳಲ್ಲಿ ಈ ಸೌಲಭ್ಯ ಸಿಗುವುದು ಅಪರೂಪ. ಮ್ಯಾಡ್ರಿಡ್ ಬೇಡ, ರೋಮ್ ಸಾಕು ಎಂದಿರೋ, ಟಿಕೆಟ್ಟನ್ನು ಹೊಸದಾಗಿ ಬರೆಯಬೇಕು. ಅದಕ್ಕೆ ಬಹುಕಾಲದಿಂದ ಇರುವ ಶುಲ್ಕ ಸಲಕ್ಕೆ ಸುಮಾರು 125 ಡಾಲರ್. ಅದರ ಮೇಲೆ ತೆರಿಗೆಗಳ ಮರುಲೆಕ್ಕ. ಆದ್ದರಿಂದ ದಾರಿಯನ್ನು ಬಿಗಿಯಾಗಿ, ದಿನಾಂಕವನ್ನು ಸಡಿಲವಾಗಿ ಇಟ್ಟುಕೊಳ್ಳಿ. ಬದಲಾವಣೆ ಬೇಕಾದಾಗ ಎಲ್ಲವನ್ನೂ ಕೂಡಿಸಿ ಒಂದೇ ಸಲ ಮಾಡಿಸಿ.

ಒಂದು ಎಚ್ಚರಿಕೆ. ಸೀಟು ಖಾಲಿ ಇದೆ ಎಂದರೆ ನಿಮಗೆ ಸಿಗುತ್ತದೆ ಎಂದಲ್ಲ. ವಿಮಾನದ ಸೀಟುಗಳನ್ನು ಕಂಪನಿಗಳು ಅಕ್ಷರಗಳಲ್ಲಿ ಹಂಚಿಟ್ಟಿರುತ್ತವೆ. ಒನ್‌ವರ್ಲ್ಡ್‌ನ ಖಂಡವಾರು ಟಿಕೆಟ್ಟಿನಲ್ಲಿ ಎಕಾನಮಿಗೆ ‘ಎಲ್’, ಬಿಸಿನೆಸ್ ಕ್ಲಾಸಿಗೆ ‘ಡಿ’. ವಿಮಾನದಲ್ಲಿ 50 ಸೀಟು ಖಾಲಿಯಿರಬಹುದು. ನಿಮ್ಮ ಅಕ್ಷರದ ಸೀಟು ಮುಗಿದಿದ್ದರೆ ಇನ್ನೊಂದು ದಿನ ನೋಡಬೇಕು. ಡಿಸೆಂಬರ್ ಕೊನೆಯಲ್ಲಿ ಸಿಡ್ನಿಗೆ ಹೋಗುತ್ತೇನೆ ಎನ್ನುವವರು ಇದನ್ನು ಮೊದಲೇ ತಿಳಿದಿರಲಿ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ದೊಡ್ಡದು. ಕೂಪನ್ನುಗಳನ್ನು ಕ್ರಮವಾಗಿಯೇ ಬಳಸಬೇಕು. ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ಗೆ ಮಗನ ಕಾರಿನಲ್ಲೇ ಹೋಗೋಣ, ಆ ಒಂದು ವಿಮಾನ ಬಿಟ್ಟುಬಿಡೋಣ ಎಂದು ಸುಮ್ಮನಿದ್ದರೆ ಮುಂದಿನ ಎಲ್ಲ ಹಾರಾಟಗಳೂ ರದ್ದಾಗಬಹುದು. ಪೆಸಿಫಿಕ್ ದಾಟಲು ನಿಂತಾಗ ಕೌಂಟರಿನಲ್ಲಿ ನಿಮ್ಮ ಹೆಸರೇ ಇರುವುದಿಲ್ಲ. ಒಂದು ಫೋನ್ ಮಾಡಿ, ಶುಲ್ಕ ಕಟ್ಟಿ, ಆ ತುಂಡನ್ನು ತೆಗೆಸಿ. ನಡುದಾರಿಯಲ್ಲಿ ಪೂರ್ತಿ ಬಿಟ್ಟು ಬಂದರೆ ವಾಪಸ್ ಸಿಗುವ ಹಣ ಹೆಚ್ಚೇನೂ ಇರುವುದಿಲ್ಲ. ಆಗಲೇ ಹಾರಿದ ದೂರಕ್ಕೆ ಮಾಮೂಲಿ ದರ ಹಾಕಿ ಕಳೆಯುತ್ತಾರೆ.

ಇದುವರೆಗೆ ಮೂಲ ದರದ ನಿಯಮ ನೋಡಿದೆವು. ಈಗ ಅದರ ಮೇಲೆ ಬಂದು ಕೂರುವ ಶುಲ್ಕಗಳು. ಇವು ಎರಡು ಜಾತಿ. ಒಂದು, ಸರ್ಕಾರಕ್ಕೂ ವಿಮಾನ ನಿಲ್ದಾಣಕ್ಕೂ ಹೋಗುವುದು. ಇನ್ನೊಂದು, ವಿಮಾನ ಕಂಪನಿಗೇ ಹೋಗುವುದು.

ಎರಡನೆಯದನ್ನು ಮೊದಲು ಹೇಳಿಬಿಡುತ್ತೇನೆ. ಟಿಕೆಟ್ಟಿನ ತೆರಿಗೆ ಪಟ್ಟಿಯಲ್ಲಿ ‘ವೈಕ್ಯೂ’ ಅಥವಾ ‘ವೈಆರ್’ ಎಂಬ ಸಂಕೇತ ಇರುತ್ತದೆ. ನೋಡಿದವರು ತೆರಿಗೆ ಎಂದುಕೊಳ್ಳುತ್ತಾರೆ. ತೆರಿಗೆಯಲ್ಲ ಅದು. ಫ್ಯುಯೆಲ್ ಸರ್ಚಾರ್ಜ್ ಎಂಬ ಹೆಸರಿನಲ್ಲಿ ಕಂಪನಿಗಳು ಹಾಕುವ ಮೊತ್ತ. ಒಂದೇ ಸಾಗರ ದಾಟುವ ಎರಡು ಕಂಪನಿಗಳು ಬೇರೆ ಬೇರೆ ಮೊತ್ತ ಹಾಕುತ್ತವೆ. ಹತ್ತಾರು ಹಾರಾಟ ಇರುವ ಟಿಕೆಟ್ಟಿನಲ್ಲಿ ಇದು ಸೇರಿ ಸೇರಿ ದೊಡ್ಡ ಗಂಟಾಗುತ್ತದೆ. ಮೂಲ ದರ ಬದಲಾಗದಿದ್ದರೂ ಕೂಟದೊಳಗೆ ಕಂಪನಿ ಬದಲಿಸಿದರೆ ಒಟ್ಟು ಮೊತ್ತ ಇಳಿಯುವುದುಂಟು. ಏಜೆಂಟರನ್ನು ಈ ಎರಡು ಸಂಕೇತಗಳ ಮೊತ್ತ ಎಷ್ಟೆಂದು ಬಿಡಿಸಿ ಕೇಳಿ. ಹೇಳದ ಏಜೆಂಟರನ್ನು ಬಿಟ್ಟುಬಿಡಿ.

ಇನ್ನು ಸರ್ಕಾರದ ಬಾಬ್ತು. ಇದರಲ್ಲಿ ಹೆಸರುವಾಸಿ ಬ್ರಿಟನ್ನಿನ ಪ್ರಯಾಣಿಕರ ಸುಂಕ. 1994ರಲ್ಲಿ ಬಂತು. ಬ್ರಿಟನ್ನಿನ ನಿಲ್ದಾಣದಿಂದ ಹೊರಡುವವರಿಗೆ ಇದು ಅನ್ವಯ, ಇಳಿಯುವವರಿಗಲ್ಲ. ದೂರ ಹೋದಷ್ಟೂ ಹೆಚ್ಚು. ಲಂಡನ್ನಿನಿಂದ ನೇರವಾಗಿ ನ್ಯೂಯಾರ್ಕಿಗೆ ಎಕಾನಮಿಯಲ್ಲಿ ಹೋದರೆ ಸುಮಾರು 100 ಪೌಂಡ್. ಬಿಸಿನೆಸ್ ಕ್ಲಾಸಿನಲ್ಲಿ ಅದರ ಎರಡು ಪಟ್ಟಿಗೂ ಮೇಲೆ. ನಾವು ಹಾಕಿದ ದಾರಿಯಲ್ಲಿ ಲಂಡನ್ ಆದ ಮೇಲೆ ಮ್ಯಾಡ್ರಿಡ್ ಇತ್ತಲ್ಲ? ಲಂಡನ್ನಿನಿಂದ ಮ್ಯಾಡ್ರಿಡ್‌ಗೆ ಹೋಗಿ, ಅಲ್ಲಿ ನಾಲ್ಕು ದಿನ ಇದ್ದು, ಆಮೇಲೆ ಅಟ್ಲಾಂಟಿಕ್ ದಾಟಿದರೆ ಬ್ರಿಟನ್ನಿಗೆ ಕೊಡುವುದು ಹತ್ತಿರದ ಊರಿನ ಸುಂಕ. ಸುಮಾರು 15 ಪೌಂಡ್ ಅಷ್ಟೇ. ಗಂಡ ಹೆಂಡತಿ ಇಬ್ಬರ ಉಳಿತಾಯ ಕೂಡಿಸಿ ನೋಡಿ. ಮ್ಯಾಡ್ರಿಡ್‌ನಲ್ಲಿ ಒಂದು ರಾತ್ರಿಯ ಹೋಟೆಲ್ ಖರ್ಚು ಬಂದಹಾಗಾಯಿತು. ಬೇರೆ ದೇಶದಿಂದ ಬಂದು 24 ಗಂಟೆಯೊಳಗೆ ಅದೇ ಟಿಕೆಟ್ಟಿನಲ್ಲಿ ಮುಂದಕ್ಕೆ ಹೋಗುವವರಿಗೆ ಈ ಸುಂಕವೇ ಇಲ್ಲ. ಆ 24 ಗಂಟೆಯ ಮಾತು ಹೇಳಿದ್ದು ಇದಕ್ಕೇ.

ಉಳಿದ ದೇಶಗಳದ್ದು ಬೇಗ ಹೇಳುತ್ತೇನೆ. ಆಸ್ಟ್ರೇಲಿಯಾ ಬಿಡುವಾಗ 2024ರ ಜುಲೈನಿಂದ 70 ಆಸ್ಟ್ರೇಲಿಯನ್ ಡಾಲರ್. ಜಪಾನ್ 2019ರಲ್ಲಿ ತಲೆಗೆ 1000 ಯೆನ್‌ನಂತೆ ನಿರ್ಗಮನ ತೆರಿಗೆ ಶುರು ಮಾಡಿತು. ಇವೆಲ್ಲ ಟಿಕೆಟ್ಟಿನಲ್ಲೇ ಸೇರಿರುತ್ತವೆ. ನಿಲ್ದಾಣದಲ್ಲಿ ಬೇರೆ ಕಟ್ಟಬೇಕಿಲ್ಲ. ನಮ್ಮಲ್ಲಿ ಜಿಎಸ್‌ಟಿ ಇದೆ. ಎಕಾನಮಿಗೆ ಶೇಕಡಾ 5. ಬಿಸಿನೆಸ್ ಮುಂತಾದ ಮೇಲಿನ ದರ್ಜೆಗೆ 2025ರ ಸೆಪ್ಟೆಂಬರ್‌ನಿಂದ ಶೇಕಡಾ 18.

ಇನ್ನೊಂದು, ಮೂಲದಲ್ಲೇ ಸಂಗ್ರಹಿಸುವ ತೆರಿಗೆ. ಟಿಸಿಎಸ್ ಎನ್ನುತ್ತಾರಲ್ಲ, ಅದು. ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡವರಿಂದ ಇದನ್ನು ವಸೂಲು ಮಾಡುತ್ತಾರೆ. ಬರೀ ವಿಮಾನದ ಟಿಕೆಟ್ ಕೊಂಡರೆ ಅದು ಪ್ಯಾಕೇಜ್ ಅಲ್ಲ ಎಂದು 2023ರಲ್ಲಿ ಆದಾಯ ತೆರಿಗೆಯವರು ಸ್ಪಷ್ಟ ಮಾಡಿದ್ದಾರೆ. ಟಿಕೆಟ್ ಜೊತೆಗೆ ಹೋಟೆಲ್ಲನ್ನೂ ಒಂದೇ ಬಿಲ್ಲಿನಲ್ಲಿ ಕೊಂಡಿರೋ, ಪ್ಯಾಕೇಜ್ ಆಯಿತು. ಮಕ್ಕಳ ಮನೆಯಲ್ಲಿ ಉಳಿಯುವವರು ಏಜೆಂಟರ ಒತ್ತಾಯಕ್ಕೆ ಹೋಟೆಲ್ ಸೇರಿಸಿಕೊಳ್ಳುವುದು ಯಾಕೆ?

ದಾರಿ, ದರ, ಎಣಿಕೆ, ಶುಲ್ಕ ನಾಲ್ಕೂ ಆದವು. ಉಳಿದಿರುವುದು ವೀಸಾ. ಇದು ಟಿಕೆಟ್ಟಿನ ನಿಯಮವಲ್ಲ. ಆದರೆ ಭಾರತದ ಪಾಸ್‌ಪೋರ್ಟ್ ಹಿಡಿದವರ ಮಟ್ಟಿಗೆ ಟಿಕೆಟ್ಟಿನ ಎಲ್ಲ ನಿಯಮಗಳಿಗಿಂತ ಇದೇ ಗಟ್ಟಿ.

ಎರಡೂ ಸಾಗರ ದಾಟಬೇಕಾದ ಮೇಲೆ ನಡುವೆ ಅಮೆರಿಕ ಖಂಡ ಬಂದೇ ಬರುತ್ತದೆ. ಅಮೆರಿಕ ದೇಶದಲ್ಲಿ ಬರೀ ವಿಮಾನ ಬದಲಿಸಲು ಇಳಿದರೂ ನಮಗೆ ವೀಸಾ ಬೇಕು. ಆದ್ದರಿಂದ ಮೊದಲು ಅಮೆರಿಕದ ವೀಸಾ, ಆಮೇಲೆ ಟಿಕೆಟ್. ಪ್ರವಾಸಿ ವೀಸಾ ನಮಗೆ ಸಾಮಾನ್ಯವಾಗಿ 10 ವರ್ಷಕ್ಕೆ ಕೊಡುತ್ತಾರೆ. ಮಕ್ಕಳು ಅಲ್ಲಿರುವವರ ಬಳಿ ಹೆಚ್ಚಾಗಿ ಅದು ಇದ್ದೇ ಇರುತ್ತದೆ.

ಯುರೋಪಿನದು ಬೇರೆ ಕಥೆ. ಅಲ್ಲಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾಕ್ಕೆ ಪ್ರವಾಸದ ದಿನಕ್ಕಿಂತ ಆರು ತಿಂಗಳ ಒಳಗೆ ಮಾತ್ರ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ನೀವು ವಾಸ ಮಾಡುವ ದೇಶದಲ್ಲೇ ಹಾಕಬೇಕು. 2024ರಿಂದ ಶುಲ್ಕ 90 ಯೂರೊ. ಈಗ ಯೋಚಿಸಿ. ಬೆಂಗಳೂರಿನಿಂದ ಪೂರ್ವಕ್ಕೆ ಹೊರಟು, ಆಸ್ಟ್ರೇಲಿಯಾದಲ್ಲಿ ಮೂರು ತಿಂಗಳು, ಅಮೆರಿಕದಲ್ಲಿ ಐದು ತಿಂಗಳು ಇದ್ದು, ಕೊನೆಗೆ ಯುರೋಪಿಗೆ ಹೋಗುತ್ತೇನೆ ಎಂದರೆ ಹೊರಡುವಾಗ ಯುರೋಪಿನ ವೀಸಾ ಸಿಗುವುದಿಲ್ಲ. ನಡುದಾರಿಯಲ್ಲಿ ಪ್ರವಾಸಿಯಾಗಿ ಅರ್ಜಿ ಹಾಕುವುದು ಕಷ್ಟ. ಪಶ್ಚಿಮಕ್ಕೆ ಹೊರಟರೆ ಯುರೋಪ್ ಮೊದಲಿಗೇ ಬರುತ್ತದೆ. ಆ ವೀಸಾವನ್ನು ಬೆಂಗಳೂರಿನಲ್ಲೇ ಮಾಡಿಸಿ, ಮೊದಲ ತಿಂಗಳಲ್ಲೇ ಬಳಸಿ ಮುಗಿಸಬಹುದು. ಹಾಗಾಗಿ ಕರ್ನಾಟಕದಿಂದ ಹೊರಡುವವರಿಗೆ ನನ್ನ ಸಲಹೆ ಪಶ್ಚಿಮ ದಿಕ್ಕು. ಪಶ್ಚಿಮಕ್ಕೆ ಹೋಗುವಾಗ ದಿನ ಉದ್ದವಾಗುವುದರಿಂದ ನಿದ್ದೆಯ ತೊಂದರೆಯೂ ಕಡಿಮೆ. ಪೆಸಿಫಿಕ್ ದಾಟುವಾಗ ಮಾತ್ರ ಒಂದು ದಿನ ಕಾಣೆಯಾಗುತ್ತದೆ. ಶುಕ್ರವಾರ ರಾತ್ರಿ ಲಾಸ್ ಏಂಜಲೀಸ್ ಬಿಟ್ಟರೆ ಸಿಡ್ನಿಯಲ್ಲಿ ಇಳಿಯುವುದು ಭಾನುವಾರ ಬೆಳಗ್ಗೆ. ಕರೆದೊಯ್ಯಲು ಬರುವವರಿಗೆ ಇದನ್ನು ಮರೆಯದೆ ತಿಳಿಸಿ.

ಲಗೇಜಿನ ಬಗ್ಗೆ ಒಂದೇ ಮಾತು. ಕೆಲವು ಹಾರಾಟಗಳಲ್ಲಿ ತೂಕದ ಲೆಕ್ಕ, ಕೆಲವುಗಳಲ್ಲಿ ಪೆಟ್ಟಿಗೆಯ ಲೆಕ್ಕ. ಟಿಕೆಟ್ಟಿನಲ್ಲಿ ಪ್ರತಿ ಹಾರಾಟದ ಎದುರು ಬರೆದಿರುತ್ತದೆ. ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಯಾವುದೋ ಅದಕ್ಕೆ ಸರಿಯಾಗಿ ಕಟ್ಟಿ. ಉಪ್ಪಿನಕಾಯಿ ಡಬ್ಬಿಗಳ ಆಸೆಯನ್ನು ಲಂಡನ್ನಿನಲ್ಲೇ ತೀರಿಸಿಬಿಡಿ.

ಹಾಗಾದರೆ ಈ ಟಿಕೆಟ್ ಯಾರು ಕೊಳ್ಳಬೇಕು? ನನ್ನ ಲೆಕ್ಕ ಹೀಗಿದೆ. ಎರಡೇ ಊರು ನೋಡಿ ಮೂರು ವಾರದಲ್ಲಿ ಮರಳುವವರಿಗೆ ಇದು ಬೇಡ. ಮಾಮೂಲಿ ಹೋಗಿಬರುವ ಟಿಕೆಟ್ ಸಾಕು. ಕಡಿಮೆ ಸಾಮಾನಿನ, ಗಟ್ಟಿ ಮೈಯ ಯುವಕರು ಅಗ್ಗದ ಕಂಪನಿಗಳ ಬಿಡಿ ಟಿಕೆಟ್ ಜೋಡಿಸಿಕೊಂಡರೆ ಇದಕ್ಕಿಂತ ಕಡಿಮೆಯಲ್ಲಿ ಸುತ್ತಿ ಬರಬಹುದು. ಮೂರು ನಾಲ್ಕು ಕಡೆ ತಿಂಗಳುಗಟ್ಟಲೆ ನಿಲ್ಲುವವರಿಗೆ, ದಿನಾಂಕ ಮುಂದೆ ಹಿಂದೆ ಆಗುವ ಸಂಭವ ಇರುವವರಿಗೆ, ವಿಮಾನ ತಪ್ಪಿದರೆ ಮುಂದಿನದಕ್ಕೆ ಕೂರಿಸುವ ಹೊಣೆಯನ್ನು ಕಂಪನಿಯ ಮೇಲೆ ಬಿಡಬಯಸುವ ಹಿರಿಯರಿಗೆ ಇದು ಒಳ್ಳೆಯ ಟಿಕೆಟ್. ಬಿಸಿನೆಸ್ ಕ್ಲಾಸಿನಲ್ಲೇ ಹೋಗುವವರಿಗಂತೂ ಬಿಡಿ ಟಿಕೆಟ್ಟುಗಳ ಎದುರು ಇದರ ಲಾಭ ಎದ್ದು ಕಾಣುತ್ತದೆ.

ಏಜೆಂಟರ ಬಳಿಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಊರುಗಳನ್ನು ಪಶ್ಚಿಮಕ್ಕೆ ಸಾಗುವ ಕ್ರಮದಲ್ಲಿ ಬರೆದುಕೊಳ್ಳಿ. ಪ್ರತಿ ಊರಿನ ಎದುರು ಎಷ್ಟು ದಿನ, ಯಾವ ವೀಸಾ ಎಂದು ಬರೆಯಿರಿ. ಮೂಲ ದರ, ಸರ್ಕಾರದ ತೆರಿಗೆ, ಕಂಪನಿಯ ಸರ್ಚಾರ್ಜ್, ದಾರಿ ಬದಲಾವಣೆಯ ಶುಲ್ಕ, ಈ ನಾಲ್ಕನ್ನೂ ಬೇರೆ ಬೇರೆಯಾಗಿ ಬರೆದುಕೊಡಲು ಕೇಳಿ. ಕೂಟಗಳು ಈ ನಿಯಮಗಳನ್ನು ಆಗಾಗ ತಿದ್ದುತ್ತವೆ. ಆದ್ದರಿಂದ ದುಡ್ಡು ಕಟ್ಟುವ ದಿನದ ನಿಯಮಗಳ ಪ್ರತಿಯನ್ನೂ ಕೇಳಿ ಪಡೆದು ಟಿಕೆಟ್ ಜೊತೆಗೇ ಇಟ್ಟುಕೊಳ್ಳಿ.